ಅಂಗಿಯ ಮೇಲಿನ ಪುಟ್ಟ ಬಾವುಟ

ಕಡಲೆಕಾಯಿ ಪರಿಷೆ ಮುಗಿದು, ಬುಲ್ ಟೆಂಪಲ್ ರಸ್ತೆಯ ಸಿಪ್ಪೆಯನ್ನೆಲ್ಲ ಗುಡಿಸಿ ಆಗಿತ್ತು. ಡಿಸೆಂಬರ್ ಮೊದಲ ವಾರ. ಆರನೇ ಕ್ಲಾಸಿನ ನಮ್ಮ ಮೊಮ್ಮಗಳು ಶಾಲೆಯಿಂದ ಬಂದವಳೇ ಚೀಲ ಎಸೆದು, ಎದೆ ಮುಂದೆ ಮಾಡಿಕೊಂಡು ನಿಂತಳು. ಯೂನಿಫಾರ್ಮಿನ ಮೇಲೆ ಅಂಚೆಚೀಟಿಯಷ್ಟು ದೊಡ್ಡ ಬಾವುಟ. ಕೆಂಪು, ಕಡು ನೀಲಿ, ತಿಳಿ ನೀಲಿ ಮೂರು ಪಟ್ಟಿ.

“ತಾತ, ಹತ್ತು ರೂಪಾಯಿ ಕೊಟ್ಟೆ, ಇದನ್ನ ಕೊಟ್ರು. ಆ ದುಡ್ಡು ಎಲ್ಲಿಗೆ ಹೋಗತ್ತೆ?”

“ಸೈನಿಕರಿಗೆ” ಎಂದು ಹೇಳಿ ನಾನು ಮತ್ತೆ ಪೇಪರಿಗೆ ಮುಖ ಹಾಕಿದೆ.

“ಸೈನಿಕರಿಗೆ ಸರ್ಕಾರ ಸಂಬಳ ಕೊಡಲ್ವಾ? ಮತ್ತೆ ನನ್ನ ಹತ್ತು ರೂಪಾಯಿ ಯಾಕೆ?”

ಮೂವತ್ತು ವರ್ಷ ಮೇಷ್ಟ್ರಾಗಿದ್ದವನು ನಾನು. ಆದರೂ ಈ ಪ್ರಶ್ನೆಗೆ ಪೇಪರು ಮಡಿಸಿಡಲೇಬೇಕಾಯಿತು.

ಬಾವುಟದ ಕಥೆ

ಸ್ವಾತಂತ್ರ್ಯ ಬಂದು ಎರಡು ವರ್ಷವಾಗಿತ್ತು. ಯುದ್ಧದಲ್ಲಿ ಮಡಿದವರ ಹೆಂಡತಿ ಮಕ್ಕಳು, ಕೈಕಾಲು ಕಳೆದುಕೊಂಡವರು, ಕೆಲಸ ಮುಗಿಸಿ ಊರಿಗೆ ಬಂದವರು, ಇವರನ್ನೆಲ್ಲ ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆ ಎದ್ದಿತು. 1949ರ ಆಗಸ್ಟ್ 28ರಂದು ರಕ್ಷಣಾ ಸಚಿವರ ಸಮಿತಿಯೊಂದು ತೀರ್ಮಾನ ಮಾಡಿತು: ಪ್ರತಿ ವರ್ಷ ಡಿಸೆಂಬರ್ 7ರಂದು ಜನರಿಗೆ ಪುಟ್ಟ ಬಾವುಟ ಹಂಚಿ ದೇಣಿಗೆ ಸಂಗ್ರಹಿಸಬೇಕು. ಅದೇ ಸಶಸ್ತ್ರ ಪಡೆಗಳ ಧ್ವಜ ದಿನ. ಬಾವುಟದ ಮೂರು ಬಣ್ಣ ಮೂರು ಪಡೆಗಳದು. ಕೆಂಪು ಭೂಸೇನೆಯದು, ಕಡು ನೀಲಿ ನೌಕಾಪಡೆಯದು, ತಿಳಿ ನೀಲಿ ವಾಯುಪಡೆಯದು.

ಈ ದುಡ್ಡು ಗಡಿಯಲ್ಲಿ ನಿಂತವರ ಸಂಬಳಕ್ಕಲ್ಲ, ಬಂದೂಕು ಕೊಳ್ಳುವುದಕ್ಕೂ ಅಲ್ಲ. ಮಾಜಿ ಸೈನಿಕರ ಮಕ್ಕಳ ಓದು, ಮಗಳ ಮದುವೆ, ಕಾಯಿಲೆ ಕಸಾಲೆ, ಗಂಡನನ್ನು ಕಳೆದುಕೊಂಡವರ ಕಷ್ಟಕಾಲ, ಇಂಥವಕ್ಕೆ. ಕರ್ನಾಟಕದಲ್ಲಿ ಈ ಕೆಲಸ ನೋಡುವುದು ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ. ಅದರ ಕಚೇರಿ ನಮ್ಮ ಬೆಂಗಳೂರಿನ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಭವನದಲ್ಲಿದೆ.

ಅಷ್ಟರಲ್ಲಿ ಗೇಟು ಕಿರ್ ಎಂದಿತು. ಎದುರು ಮನೆಯ ಹವಾಲ್ದಾರ್ ತಾತ. ಸಂಜೆ ಐದಕ್ಕೆ ಸರಿಯಾಗಿ ಕಾಫಿಗೆ ಬರುವುದು ಅವರ ಪದ್ಧತಿ. ನಮ್ಮ ಬೀದಿಯವರು ಗಡಿಯಾರ ಸರಿಮಾಡಿಕೊಳ್ಳುವುದು ಅವರನ್ನು ನೋಡಿಯೇ. ಮೊಮ್ಮಗಳ ಅಂಗಿ ನೋಡಿ ನಕ್ಕರು.

“ನಿಮ್ಮ ತಾತ ರಿಟೈರ್ ಆದಾಗ ಎಷ್ಟು ವರ್ಷ ಕೇಳು, ಮಗು.”

“ಐವತ್ತೆಂಟು” ಎಂದೆ ನಾನು.

“ನನಗೆ ಮೂವತ್ತಾರು! ಹದಿನೆಂಟಕ್ಕೆ ಸೇರಿದೆ, ಹದಿನೆಂಟು ವರ್ಷ ಸರ್ವಿಸು. 1991ರಲ್ಲಿ ಟ್ರಂಕು ಹೊತ್ಕೊಂಡು ಮೆಜೆಸ್ಟಿಕ್‌ನಲ್ಲಿ ಇಳಿದಾಗ ದೊಡ್ಡ ಮಗ ನಾಲ್ಕನೇ ಕ್ಲಾಸು.”

ಸೈನ್ಯಕ್ಕೆ ಸದಾ ಎಳೆಯ ಮೈ ಬೇಕು. ಹಾಗಾಗಿ ಬಹಳಷ್ಟು ಜವಾನರು ನಲವತ್ತು ತುಂಬುವ ಹೊತ್ತಿಗೇ ಮನೆಗೆ ಬರುತ್ತಾರೆ. ಸಂಸಾರದ ಖರ್ಚು ಏರುವ ವಯಸ್ಸಿನಲ್ಲಿ ಸಂಬಳ ನಿಂತು ಪಿಂಚಣಿ ಶುರುವಾಗುತ್ತದೆ. ಹವಾಲ್ದಾರ್ ತಾತ ಆಮೇಲೆ ಇಪ್ಪತ್ತು ವರ್ಷ ಬ್ಯಾಂಕೊಂದರ ಬಾಗಿಲಲ್ಲಿ ಕಾವಲು ನಿಂತರು.

ಕಲ್ಲು ಮತ್ತು ಹೊಲ

“ಹಾಗಾದ್ರೆ ಹಿಂದಿನ ಕಾಲದಲ್ಲಿ ರಾಜರು ಏನು ಮಾಡ್ತಿದ್ರು?” ಮೊಮ್ಮಗಳ ಮುಂದಿನ ಪ್ರಶ್ನೆ. ಇದು ನನ್ನ ಪಾಠ! ಸಂತೋಷದಿಂದ ಎದ್ದು ಕುಳಿತೆ.

ವೀರಗಲ್ಲು ನಮಗೆ ಗೊತ್ತು. ಕಾಳಗದಲ್ಲಿ ಸತ್ತವನ ಚಿತ್ರ ಕೆತ್ತಿ ನಿಲ್ಲಿಸಿದ ಕಲ್ಲು. ಆದರೆ ರಾಜರು ಕಲ್ಲು ನೆಟ್ಟು ಕೈ ತೊಳೆದುಕೊಳ್ಳುತ್ತಿರಲಿಲ್ಲ. ಸತ್ತವನ ಮನೆಯವರಿಗೆ ಭೂಮಿಯನ್ನೂ ಬಿಡುತ್ತಿದ್ದರು. ಆ ದಾನಕ್ಕೆ ಶಾಸನಗಳಲ್ಲಿ ‘ನೆತ್ತರುಗೊಡಗೆ’ ಎಂಬ ಹೆಸರಿದೆ. ನೆತ್ತರಿಗೆ ಪ್ರತಿಯಾಗಿ ಕೊಟ್ಟ ಕೊಡುಗೆ. ‘ಕಲ್ನಾಡು’ ಎಂಬ ಮಾತೂ ಇದೆ.

ಇದಕ್ಕೆ ಬಹಳ ದೂರ ಹೋಗಬೇಕಿಲ್ಲ. ನಮ್ಮ ಬೇಗೂರಿನಲ್ಲೇ ದೊರೆತ, ಸಾವಿರ ವರ್ಷಕ್ಕೂ ಹಳೆಯ ಗಂಗರ ಕಾಲದ ವೀರಗಲ್ಲೊಂದು ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ತುಂಬೆಪಾಡಿ ಎಂಬಲ್ಲಿ ನಡೆದ ಕಾಳಗದಲ್ಲಿ ನಾಗತ್ತರನೆಂಬ ವೀರ ಆನೆಗಳೊಡನೆ ಹೋರಾಡಿ ಮಡಿದ ಎಂದು ಅದು ಹೇಳುತ್ತದೆ. ಸುದ್ದಿ ತಿಳಿದ ಗಂಗ ದೊರೆ ಎರೆಯಪ್ಪ, ಇರುಗ ಎಂಬುವನಿಗೆ ನಾಗತ್ತರನ ಪಟ್ಟ ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟ. ಬೆಂಪೂರು ಎಂದರೆ ಇಂದಿನ ಬೇಗೂರು.

“ಅಂದ್ರೆ ಕಲ್ಲೂ ಕೊಟ್ರು, ಹೊಲಾನೂ ಕೊಟ್ರು” ಎಂದಳು.

ಇಷ್ಟೇ ಇದರ ಸಾರ. ಕಲ್ಲು ಗೌರವಕ್ಕೆ, ಹೊಲ ಅನ್ನಕ್ಕೆ. ಹಾರ ಹಾಕಿ ಚಪ್ಪಾಳೆ ತಟ್ಟಿದರೆ ಅರ್ಧ ಕೆಲಸ. ಉಳಿದರ್ಧ, ಆ ಮನೆಯ ಒಲೆ ನಾಳೆಯೂ ಉರಿಯುವಂತೆ ನೋಡಿಕೊಳ್ಳುವುದು. ಅಂದು ಅದು ರಾಜನ ಮನಸ್ಸಿಗೆ ಬಿಟ್ಟದ್ದು. ಇಂದು ಅದನ್ನು ಮಾಡಬೇಕಾದವರು ನಾವು ಓಟು ಹಾಕಿ ಕಳಿಸಿದವರು.

ಬಿರುದು ಬೇಡ, ಆದರೆ...

ನಮ್ಮ ಹಳೆಯ ಬೆಂಗಳೂರಿನಲ್ಲಿ ನಡೆದಾಡಿದರೆ ಗೋಡೆ, ಬೋರ್ಡುಗಳೇ ಇತಿಹಾಸ ಹೇಳುತ್ತವೆ. ಚಾಮರಾಜಪೇಟೆಯಿಂದ ಸ್ವಲ್ಪ ಮುಂದೆ ಹೋದರೆ ಟೌನ್ ಹಾಲ್. ಅದರ ಪೂರ್ತಿ ಹೆಸರು ‘ಸರ್ ಪುಟ್ಟಣ್ಣಚೆಟ್ಟಿ ಪುರಭವನ’. ಪುರಸಭೆಯ ಅಧ್ಯಕ್ಷರಾಗಿ ಊರಿನ ಸೇವೆ ಮಾಡಿದ ಕೆ.ಪಿ. ಪುಟ್ಟಣ್ಣಚೆಟ್ಟಿಯವರ ನೆನಪಿಗೆ ಇಟ್ಟದ್ದು. ಮಲ್ಲೇಶ್ವರದ ಪಕ್ಕದ ಶೇಷಾದ್ರಿಪುರ ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಹೆಸರಿನದು. ಆ ‘ಸರ್’ ಬ್ರಿಟಿಷರ ಕಾಲದ ಬಿರುದು.

ಸಂವಿಧಾನ ಬರೆಯುವಾಗ ಇಂಥ ಬಿರುದುಗಳೇ ಬೇಡ, ಪ್ರಜೆಗಳೆಲ್ಲ ಸಮಾನರು ಎಂದು ನಮ್ಮ ಹಿರಿಯರು ನಿರ್ಧರಿಸಿದರು. ಆ ಸಂವಿಧಾನ ಸಭೆಯಲ್ಲಿ ನಮ್ಮ ಕೆ.ಸಿ. ರೆಡ್ಡಿಯವರೂ ಕೆಂಗಲ್ ಹನುಮಂತಯ್ಯನವರೂ ಇದ್ದರು. ಸಂವಿಧಾನದ 18ನೇ ವಿಧಿ ಸರ್ಕಾರ ಯಾರಿಗೂ ಬಿರುದು ಕೊಡಬಾರದು ಎನ್ನುತ್ತದೆ. ಆದರೆ ಎರಡಕ್ಕೆ ಮಾತ್ರ ವಿನಾಯಿತಿ ಇಟ್ಟಿದೆ: ಒಂದು ವಿದ್ಯೆಯ ಮನ್ನಣೆ, ಇನ್ನೊಂದು ಸೇನೆಯ ಮನ್ನಣೆ.

“ಅದಕ್ಕೇ ನಾನು ಇವತ್ತೂ ಹವಾಲ್ದಾರ್, ನಿಮ್ಮ ತಾತ ಬರೀ ಮೇಷ್ಟ್ರು” ಎಂದು ಹವಾಲ್ದಾರ್ ತಾತ ಮೀಸೆ ತಿರುವಿದರು.

ಪರಮವೀರ ಚಕ್ರ, ಮಹಾವೀರ ಚಕ್ರ, ವೀರ ಚಕ್ರಗಳನ್ನು ಸ್ಥಾಪಿಸಿದ್ದೂ ಸಂವಿಧಾನ ಜಾರಿಗೆ ಬಂದ ದಿನವೇ, 1950ರ ಜನವರಿ 26ರಂದು. ಅಂತೂ ‘ಕಲ್ಲಿನ’ ಕೆಲಸ ಮೊದಲ ದಿನವೇ ಆಯಿತು. ‘ಹೊಲದ’ ಕೆಲಸಕ್ಕೆ ಬಹಳ ಕಾಲ ಹಿಡಿಯಿತು.

ಇಬ್ಬರು ಹವಾಲ್ದಾರರು, ಎರಡು ಪಿಂಚಣಿ

“ನಾನು, ನನ್ನ ಷಡ್ಡಕ, ಇಬ್ಬರೂ ಹವಾಲ್ದಾರರು. ಸರ್ವಿಸೂ ಒಂದೇ. ನಾನು 1991ರಲ್ಲಿ ಬಂದೆ, ಅವನು 2007ರಲ್ಲಿ. ಅವನಿಗೆ ಬರೋ ಪಿಂಚಣಿ ನನಗಿಂತ ಎಷ್ಟೋ ಜಾಸ್ತಿ. ಹಬ್ಬಕ್ಕೆ ಮಾವನ ಮನೆಗೆ ಹೋದ್ರೆ ನನಗೆ ಮುಜುಗರ!”

ಹೀಗೇಕೆ? ಪಿಂಚಣಿ ನಿಂತಿರುವುದು ಕೊನೆಯ ಸಂಬಳದ ಮೇಲೆ. ಹತ್ತು ವರ್ಷಕ್ಕೊಮ್ಮೆ ವೇತನ ಆಯೋಗ ಬಂದು ಸಂಬಳ ಏರುತ್ತದೆ. ಮೊದಲು ನಿವೃತ್ತರಾದವರು ಹಿಂದೆಯೇ ಉಳಿಯುತ್ತಾರೆ. ವಯಸ್ಸು ಹೆಚ್ಚಾದವರಿಗೇ ಪಿಂಚಣಿ ಕಡಿಮೆ! ಒಂದೇ ದರ್ಜೆ, ಒಂದೇ ಅವಧಿಯ ಸೇವೆ ಇದ್ದರೆ, ಯಾವ ವರ್ಷ ನಿವೃತ್ತರಾದರೂ ಒಂದೇ ಪಿಂಚಣಿ ಕೊಡಿ ಎಂಬುದು ಮಾಜಿ ಸೈನಿಕರ ಬೇಡಿಕೆ. ಇದೇ ‘ಸಮಾನ ಶ್ರೇಣಿ, ಸಮಾನ ಪಿಂಚಣಿ’.

ಒಗ್ಗಟ್ಟಾಗಿ ಕೇಳುವ ಪಾಠ ಮಾಜಿ ಸೈನಿಕರಿಗೆ ಹೊಸದಲ್ಲ. ಕೊಡಗಿನ ಕಾರ್ಯಪ್ಪನವರು 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾದರು. ನಿವೃತ್ತರಾದ ಮೇಲೆ 1964ರಲ್ಲಿ ಮಾಜಿ ಸೈನಿಕರ ಒಕ್ಕೂಟ ಕಟ್ಟಿದರು. ಮರುವರ್ಷದ ಯುದ್ಧದಲ್ಲಿ ವಾಯುಪಡೆಯಲ್ಲಿದ್ದ ಅವರ ಮಗನೇ ಪಾಕಿಸ್ತಾನದಲ್ಲಿ ಸೆರೆಯಾದ. ಮಗನಿಗೆಂದು ವಿಶೇಷ ಅನುಕೂಲ ಬೇಡ, ಸೆರೆಯಲ್ಲಿರುವ ಜವಾನರೆಲ್ಲ ನನ್ನ ಮಕ್ಕಳೇ ಎಂಬುದು ಅವರ ನಿಲುವಾಗಿತ್ತು. ದಂಡನಾಯಕನ ಮಗನಿಗೂ ಜವಾನನಿಗೂ ಒಂದೇ ನ್ಯಾಯ.

ಈ ಪಿಂಚಣಿಯ ವಿಷಯ ಅರ್ಜಿಯ ರೂಪದಲ್ಲಿ ರಾಜ್ಯಸಭೆಯ ಅರ್ಜಿಗಳ ಸಮಿತಿಗೆ ಹೋಯಿತು. ಸಮಿತಿಯ ಅಧ್ಯಕ್ಷರು ಭಗತ್ ಸಿಂಗ್ ಕೋಶಿಯಾರಿ. ಮಾಜಿ ಸೈನಿಕರ ಮಾತನ್ನೂ ಸರ್ಕಾರದ ಅಧಿಕಾರಿಗಳ ಮಾತನ್ನೂ ಕೇಳಿ, 2011ರ ಡಿಸೆಂಬರಿನಲ್ಲಿ ಸಮಿತಿ ವರದಿ ಕೊಟ್ಟಿತು: ಬೇಡಿಕೆ ನ್ಯಾಯವಾದದ್ದು, ಜಾರಿ ಮಾಡಿ. ಆದರೂ ಬೇಗ ಆಗಲಿಲ್ಲ. 2015ರಲ್ಲಿ ಮುದುಕರಾದ ಸೈನಿಕರು ಎದೆಯ ಮೇಲೆ ಪದಕ ತೊಟ್ಟು ದೆಹಲಿಯ ಜಂತರ್ ಮಂತರ್‌ನಲ್ಲಿ ತಿಂಗಳುಗಟ್ಟಲೆ ಧರಣಿ ಕೂತರು. ಆ ವರ್ಷ ನವೆಂಬರ್ 7ರಂದು ಆದೇಶ ಹೊರಬಿತ್ತು. 2014ರ ಜುಲೈ 1ರಿಂದ ಅನ್ವಯ.

ಕೇಳಿದ್ದೆಲ್ಲ ಸಿಕ್ಕಿತೇ? ಇಲ್ಲ. ಪಿಂಚಣಿಯ ಅಂತರವನ್ನು ಆಗಿಂದಾಗಲೇ ಸರಿಪಡಿಸಿ ಎಂದು ಕೇಳಿದರು, ಐದು ವರ್ಷಕ್ಕೊಮ್ಮೆ ಎಂದಾಯಿತು. ಕೆಲವರು ಸುಪ್ರೀಂ ಕೋರ್ಟಿಗೆ ಹೋದರು. 2022ರ ಮಾರ್ಚ್ 16ರಂದು ಕೋರ್ಟು ಸರ್ಕಾರದ ಆ ನೀತಿಯನ್ನೇ ಎತ್ತಿಹಿಡಿಯಿತು. ಜೊತೆಗೆ, ಬಾಕಿ ಇದ್ದ ಪರಿಷ್ಕರಣೆ ಮಾಡಿ ಮುಗಿಸಿ ಎಂದಿತು.

“ಪೂರ್ತಿ ಸಮ ಆಗಿಲ್ಲ ಮೇಷ್ಟ್ರೇ. ಆದ್ರೆ ಈಗ ಷಡ್ಡಕನ ಎದುರು ಧೈರ್ಯವಾಗಿ ಹೋಳಿಗೆ ತಿಂತೀನಿ” ಎಂದರು ಹವಾಲ್ದಾರ್ ತಾತ.

ಒಂದು ಅರ್ಜಿ ಬರೆದ ಸಂಜೆ

ಕಾಫಿ ಮುಗಿದರೂ ಅವರು ಏಳಲಿಲ್ಲ. ಜೇಬಿನಿಂದ ಮಡಿಸಿದ ಕಾಗದ ತೆಗೆದರು. ಚಾಮರಾಜಪೇಟೆಯ ವಠಾರವೊಂದರಲ್ಲಿ ಅಜ್ಜಿಯೊಬ್ಬರಿದ್ದಾರೆ. ಅವರ ಯಜಮಾನರು 1971ರ ಯುದ್ಧ ಕಂಡ ಜವಾನರು. ತೀರಿಕೊಂಡು ಎಂಟು ತಿಂಗಳು. ಅಜ್ಜಿಗೆ ಕುಟುಂಬ ಪಿಂಚಣಿ ಬರಬೇಕು, ಬಂದಿಲ್ಲ. ಕಾರಣ ಹೆಸರು. ಆಧಾರ್ ಕಾರ್ಡಿನಲ್ಲಿ ತವರಿನಲ್ಲಿ ಇಟ್ಟ ಹೆಸರು, ಗಂಡನ ಸೇನಾ ದಾಖಲೆಯಲ್ಲಿ ಮದುವೆಯಲ್ಲಿ ಇಟ್ಟ ಹೆಸರು. ಇಬ್ಬರೂ ಒಬ್ಬರೇ ಎಂದು ಕಾಗದ ಒಪ್ಪುತ್ತಿಲ್ಲ.

“ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಒಂದು ಅರ್ಜಿ ಕೊಡಬೇಕು. ಅವರು ರೆಕಾರ್ಡ್ ಆಫೀಸಿಗೆ ಬರೀತಾರೆ. ನನ್ನ ಕೈ ನಡುಗತ್ತೆ, ಮೇಷ್ಟ್ರೇ.”

ನಾನು ಕನ್ನಡಕ ಹುಡುಕುವಷ್ಟರಲ್ಲಿ ಮೊಮ್ಮಗಳು ಗೆರೆ ಹಾಳೆ ತಂದು ಕೂತಿದ್ದಳು. “ಇವರಿಂದ, ಇವರಿಗೆ, ವಿಷಯ. ನಮ್ಮ ಮಿಸ್ ಹೇಳಿಕೊಟ್ಟಿದ್ದಾರೆ.” ಹವಾಲ್ದಾರ್ ತಾತ ಹೇಳಿದರು, ಅವಳು ಬರೆದಳು. ಸೇವಾ ಸಂಖ್ಯೆ ಎರಡು ಸಲ ಓದಿಸಿ ನೋಡಿಕೊಂಡಳು. ‘ಮೇಲಿನ ಎರಡೂ ಹೆಸರು ನನ್ನದೇ’ ಎಂಬ ಸಾಲಿನ ಕೆಳಗೆ ಅಜ್ಜಿಯ ಹೆಬ್ಬೆಟ್ಟಿಗೆ ಜಾಗ ಬಿಟ್ಟಳು.

ದೆಹಲಿಯ ಅರ್ಜಿ ಲಕ್ಷಾಂತರ ಜನರದು, ಇದು ಒಬ್ಬರದು. ಎರಡರ ಹಿಂದಿನ ಮಾತು ಒಂದೇ: ಇದು ಭಿಕ್ಷೆಯಲ್ಲ, ನನಗೆ ಸಲ್ಲಬೇಕಾದದ್ದು. ಸಂಸತ್ತಿಗೂ ನಮ್ಮ ವಿಧಾನಮಂಡಲಕ್ಕೂ ಅರ್ಜಿಗಳ ಸಮಿತಿಗಳಿವೆ. ಸಾಮಾನ್ಯ ಪ್ರಜೆಯೂ ಅಲ್ಲಿಗೆ ಅರ್ಜಿ ಸಲ್ಲಿಸಬಹುದು. ಶಾಲೆಯಲ್ಲಿ ಅಂಕಕ್ಕಾಗಿ ಕಲಿಯುವ ಅರ್ಜಿ ಬರೆಯುವ ಪಾಠ ಅಷ್ಟು ದೊಡ್ಡದು, ಮಕ್ಕಳೇ.

ನಾವು ಮಾಡಬಹುದಾದದ್ದು

ನಿಮ್ಮ ಬೀದಿಯಲ್ಲೂ ಒಬ್ಬ ಮಾಜಿ ಸೈನಿಕರು ಇರಬಹುದು. 2003ರ ಏಪ್ರಿಲ್ 1ರಿಂದ ಪಿಂಚಣಿ ಪಡೆಯುವ ಮಾಜಿ ಸೈನಿಕರಿಗೆ, ಅವರ ಮನೆಯವರಿಗೆ ಇಸಿಎಚ್‌ಎಸ್ ಎಂಬ ಚಿಕಿತ್ಸಾ ಯೋಜನೆ ಇದೆ; ಅವರ ಕಾರ್ಡ್ ಆಗಿದೆಯೇ ಕೇಳಿ. ಸರ್ಕಾರಿ ನೌಕರಿಯಲ್ಲಿ ಮಾಜಿ ಸೈನಿಕರಿಗೆ ಮೀಸಲಾತಿ ಇದೆ, ಬೆಂಗಳೂರಿನಲ್ಲಿ ವಾಸದ ಮನೆಯ ತೆರಿಗೆಯಲ್ಲಿ ರಿಯಾಯಿತಿ ಇದೆ. ಗೊತ್ತಿಲ್ಲದವರಿಗೆ ತಿಳಿಸಿ.

ಪಿಂಚಣಿದಾರರು ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ನವೆಂಬರಿನಲ್ಲಿ, ಬದುಕಿದ್ದೇನೆ ಎಂಬ ಜೀವಿತ ಪ್ರಮಾಣಪತ್ರ ಕೊಡಬೇಕು. ಈಗ ಮೊಬೈಲಿನಲ್ಲೇ ಮುಖ ತೋರಿಸಿ ‘ಜೀವನ್ ಪ್ರಮಾಣ್’ ಪಡೆಯಬಹುದು. ಅಜ್ಜಿ ತಾತಂದಿರಿಗೆ ಇದು ಗೊಂದಲ, ಮೊಮ್ಮಕ್ಕಳಿಗೆ ಐದು ನಿಮಿಷದ ಕೆಲಸ. ಬೆಳಕಿರುವ ಕಡೆ ಕೂರಿಸಿ, ಫೋನು ಅಲ್ಲಾಡದಂತೆ ಹಿಡಿಯಿರಿ. ಅಪ್ಪ ಅಮ್ಮ ಪಕ್ಕದಲ್ಲಿರಲಿ, ಒಟಿಪಿಯನ್ನು ಬೇರೆ ಯಾರಿಗೂ ಹೇಳಬೇಡಿ.

ಆ ಭಾನುವಾರ ನಾವು ಮೂವರೂ ಚಾಮರಾಜಪೇಟೆಗೆ ಹೋದೆವು. ಅಜ್ಜಿ ಅರ್ಜಿಯನ್ನು ಓದಿಸಿ ಕೇಳಿ, ಹೆಬ್ಬೆಟ್ಟು ಒತ್ತಿದರು. ಮೊಮ್ಮಗಳ ತಲೆ ಸವರಿ, “ಅಕ್ಷರ ಮುತ್ತಿನ ಹಾಗಿದೆ ಕಂದ” ಎಂದರು. ಹೊರಡುವಾಗ ಗೋಡೆಯ ಮೇಲೆ ಸಮವಸ್ತ್ರದಲ್ಲಿದ್ದ ಯುವಕನ ಫೋಟೊ ಕಂಡಿತು, ಮಾಸಿದ ಗಂಧದ ಹಾರದೊಂದಿಗೆ. ಮೊಮ್ಮಗಳು ತನ್ನ ಅಂಗಿಯ ಪುಟ್ಟ ಬಾವುಟ ಬಿಚ್ಚಿ ಅಜ್ಜಿಯ ಕೈಗೆ ಕೊಟ್ಟಳು. ಅವರು ಅದನ್ನು ಫೋಟೊದ ಚೌಕಟ್ಟಿಗೆ ಸಿಕ್ಕಿಸಿದರು.

ಅರ್ಜಿ ಕಚೇರಿ ತಲುಪಿದೆ, ಸ್ವೀಕೃತಿ ಸಿಕ್ಕಿದೆ. ಪಿಂಚಣಿ ಇನ್ನೂ ಬಂದಿಲ್ಲ. ಸಂಜೆ ಐದಕ್ಕೆ ಗೇಟು ಕಿರ್ ಎಂದ ತಕ್ಷಣ ಮೊಮ್ಮಗಳು ಬಾಗಿಲಿಗೆ ಓಡುತ್ತಾಳೆ.

“ಬಂತಾ, ಹವಾಲ್ದಾರ್ ತಾತ?”