ಹೊಸ ಬೆಳಕೋ, ಹಳೆಯ ಅಣುವೋ?

ಇಂದಿನ ಹೆಚ್ಚಿನ ದುಬಾರಿ ಮೊಬೈಲ್ ಫೋನುಗಳ ಪರದೆಯಲ್ಲಿ ಬೆಳಕು ಕೊಡುವುದು ಒಎಲ್‌ಇಡಿ, ಅಂದರೆ ಸಾವಯವ ಅಣುಗಳಿಂದ ಮಾಡಿದ ಬೆಳಕಿನ ಡಯೋಡು. ಅದರ ಸಾವಯವ ಪದರಗಳ ಒಟ್ಟು ದಪ್ಪ ಕೆಲವು ನೂರು ನ್ಯಾನೋಮೀಟರ್ ಮಾತ್ರ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಸಿಗುವ ಒಂದು ಪಾಲು ಒಂದು ನ್ಯಾನೋಮೀಟರ್. ಅಷ್ಟು ತೆಳುವಿನೊಳಗೆ ಐದಾರು ಪದರಗಳಿವೆ, ಪದರಕ್ಕೊಂದು ಬಗೆಯ ಅಣುವಿದೆ. ಆ ಅಣುಗಳ ಮೇಲೆ, ಅವುಗಳ ಜೋಡಣೆಯ ಮೇಲೆ, ಅವನ್ನು ತಯಾರಿಸುವ ವಿಧಾನದ ಮೇಲೆ ಜಗತ್ತಿನ ಹಲವು ಕಂಪನಿಗಳು ಪೇಟೆಂಟ್ ಪಡೆದಿವೆ.

ಪೇಟೆಂಟ್ ಎಂದರೆ 20 ವರ್ಷಗಳ ಏಕಸ್ವಾಮ್ಯ. ಸರ್ಕಾರ ಅದನ್ನು ಪುಕ್ಕಟೆ ಕೊಡುವುದಿಲ್ಲ. ಕಂಡುಹಿಡಿದವರು ಗುಟ್ಟನ್ನು ಪೂರ್ತಿ ಬಿಚ್ಚಿಡಬೇಕು, ಕಂಡುಹಿಡಿದದ್ದು ನಿಜಕ್ಕೂ ಹೊಸದಾಗಿರಬೇಕು. ಹಾಗಾದರೆ ಇಂಗಾಲ, ಜಲಜನಕ, ಸಾರಜನಕಗಳ ಒಂದು ಜೋಡಣೆ ಹೊಸದು ಎಂದು ತೀರ್ಮಾನಿಸುವವರು ಯಾರು, ಯಾವ ಆಧಾರದ ಮೇಲೆ?

ತಮಿಳುನಾಡಿನ ತಿರುಪ್ಪೂರು ಜಿಲ್ಲೆಯ ಕುನ್ನತ್ತೂರಿನಂಥ ಸಣ್ಣ ಊರಿನಿಂದ ಯಾರಾದರೂ ಇಂಥ ಅಣುವಿಗೆ ಪೇಟೆಂಟ್ ಕೇಳಿದರೆ ಅರ್ಜಿ ಹೋಗುವುದು ಚೆನ್ನೈನ ಗಿಂಡಿಯಲ್ಲಿರುವ ಪೇಟೆಂಟ್ ಕಚೇರಿಗೆ. ಬೆಂಗಳೂರು, ಮೈಸೂರು, ಧಾರವಾಡದವರ ಅರ್ಜಿಯೂ ಅಲ್ಲಿಗೇ ಹೋಗುತ್ತದೆ. ಕೋಲ್ಕತ್ತ, ದೆಹಲಿ, ಮುಂಬೈ, ಚೆನ್ನೈ ಎಂಬ ನಾಲ್ಕು ಕಚೇರಿಗಳಲ್ಲಿ ದಕ್ಷಿಣದ ಐದೂ ರಾಜ್ಯಗಳು ಚೆನ್ನೈನ ವ್ಯಾಪ್ತಿಗೆ ಬರುತ್ತವೆ. ಅರ್ಜಿಯನ್ನು ಓದಿ ತೂಗುವವರು ಪರೀಕ್ಷಕರು. ಅವರ ಕೆಲಸ ಬರಿಯ ಕಾಗದಪತ್ರದ್ದಲ್ಲ, ಅದು ವಿಜ್ಞಾನದ್ದೇ ಒಂದು ಭಾಗ.

ಪದರ ಏಕೆ ಬೇಕಾಯಿತು

ಸಾವಯವ ವಸ್ತುವಿಗೆ ವಿದ್ಯುತ್ ಹಾಯಿಸಿ ಬೆಳಕು ಪಡೆಯಬಹುದೆಂಬುದು ಹಳೆಯ ಸಂಗತಿ. 1963ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಮಾರ್ಟಿನ್ ಪೋಪ್ ಮತ್ತು ಸಂಗಡಿಗರು ಆಂತ್ರಸೀನ್ ಹರಳನ್ನು ಹೀಗೆ ಬೆಳಗಿಸಿದ್ದರು. ಆದರೆ ಅದಕ್ಕೆ ಸುಮಾರು 400 ವೋಲ್ಟ್ ಬೇಕಾಗಿತ್ತು. ಕಿಸೆಯಲ್ಲಿ ಇಟ್ಟುಕೊಳ್ಳುವ ಸಾಧನಕ್ಕೆ ಅದು ಆಗದ ಮಾತು.

ದಾರಿ ತೆರೆದವರು ಅಮೆರಿಕದ ಈಸ್ಟ್‌ಮನ್ ಕೊಡಾಕ್ ಕಂಪನಿಯ ಚಿಂಗ್ ಟ್ಯಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್. 1987ರಲ್ಲಿ ಅವರು ಪ್ರಕಟಿಸಿದ ಸಾಧನದಲ್ಲಿ ಒಂದರ ಬದಲು ಎರಡು ಸಾವಯವ ಪದರಗಳಿದ್ದವು. ಒಂದು ಪದರ ಧನ ಆವೇಶವನ್ನು, ಅಂದರೆ ಎಲೆಕ್ಟ್ರಾನ್ ಇಲ್ಲದ ಖಾಲಿ ಜಾಗವನ್ನು ಸಾಗಿಸುತ್ತದೆ. ಇನ್ನೊಂದು ಎಲೆಕ್ಟ್ರಾನನ್ನು ಸಾಗಿಸುತ್ತದೆ. ಎರಡೂ ಪದರಗಳ ಗಡಿಯ ಬಳಿ ಅವು ಸಂಧಿಸಿ ಜೋಡಿಯಾಗುತ್ತವೆ, ಎಲೆಕ್ಟ್ರಾನ್ ಆ ಖಾಲಿ ಜಾಗವನ್ನು ತುಂಬಿ ಶಕ್ತಿ ಬಿಟ್ಟುಕೊಟ್ಟಾಗ ಹಸಿರು ಬೆಳಕು ಹೊಮ್ಮುತ್ತದೆ. 10 ವೋಲ್ಟಿಗಿಂತ ಕಡಿಮೆಯಲ್ಲಿ ಚದರ ಮೀಟರಿಗೆ 1000 ಕ್ಯಾಂಡೆಲಾ ಮೀರಿದ ಹೊಳಪು ಬಂತು.

ಪೇಟೆಂಟ್ ಪರೀಕ್ಷೆಯ ಮರ್ಮವನ್ನು ಅರಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಬೆಳಕು ಕೊಟ್ಟ ಪದರದಲ್ಲಿದ್ದದ್ದು ಆಲ್ಕ್ಯು3. ಇದು ಅಲ್ಯುಮಿನಿಯಂ ಪರಮಾಣುವಿಗೆ ಮೂರು ಆಕ್ಸಿನ್ ಅಣುಗಳು ಅಂಟಿಕೊಂಡ ಸಂಯುಕ್ತ. ದ್ರಾವಣದಲ್ಲಿ ಎಷ್ಟು ಅಲ್ಯುಮಿನಿಯಂ ಇದೆಯೆಂದು ಅಳೆಯಲು ಆಕ್ಸಿನ್ ಹಾಕಿ ಇದೇ ಸಂಯುಕ್ತವನ್ನು ಒತ್ತರಿಸಿ ತೂಗುವುದು ಕಾಲೇಜು ಪ್ರಯೋಗಶಾಲೆಗಳ ಹಳೆಯ ವಾಡಿಕೆ. ವಸ್ತು ಹಳೆಯದೇ. ಹೊಸದಾಗಿದ್ದದ್ದು ಅದನ್ನು ಇನ್ನೊಂದು ಪದರದ ಪಕ್ಕದಲ್ಲಿ, ಆ ದಪ್ಪದಲ್ಲಿ, ಆ ಕೆಲಸಕ್ಕೆಂದು ಇರಿಸಿದ ಯೋಚನೆ. ಆದ್ದರಿಂದ ಪರೀಕ್ಷಕ ಮೊದಲು ಕೇಳುವುದು ಇದನ್ನು: ನೀವು ಹಕ್ಕು ಕೇಳುತ್ತಿರುವುದು ಯಾವುದರ ಮೇಲೆ, ಅಣುವಿನ ಮೇಲೋ, ಜೋಡಣೆಯ ಮೇಲೋ?

ಒಂದು ಸೂತ್ರ, 32 ಲಕ್ಷ ಅಣು

ಪೇಟೆಂಟ್ ಅರ್ಜಿಯ ಕೊನೆಯಲ್ಲಿ ಅಂಕಿ ಹಾಕಿದ ಹಕ್ಕುಕೋರಿಕೆಗಳಿರುತ್ತವೆ. ಹೊಲದ ಸುತ್ತ ನೆಟ್ಟ ಗಡಿಕಲ್ಲಿನಂತೆ ಅವು ಕೆಲಸ ಮಾಡುತ್ತವೆ: ಒಳಗಿನದು ನನ್ನದು, ಹೊರಗಿನದು ಎಲ್ಲರದು. ಗಡಿಯನ್ನು ಎಷ್ಟು ದೂರ ತಳ್ಳಬಹುದೆಂದು ಅರ್ಜಿದಾರರು ನೋಡುತ್ತಾರೆ. ಎಷ್ಟು ದೂರ ಬಿಡಬಹುದೆಂದು ಪರೀಕ್ಷಕರು ನೋಡುತ್ತಾರೆ.

ಒಎಲ್‌ಇಡಿ ವಸ್ತುಗಳ ಅರ್ಜಿಯಲ್ಲಿ ಒಂದೇ ಅಣುವಿನ ಹೆಸರು ಬರೆದು ಬಿಡುವುದು ಅಪರೂಪ. ಒಂದು ಸಾಮಾನ್ಯ ರಚನೆ ಬರೆದು, ಅದರ ಅಂಚಿನ ಸ್ಥಾನಗಳಿಗೆ ಆರ್1, ಆರ್2 ಎಂದು ಗುರುತು ಹಾಕಿ, ಆ ಸ್ಥಾನದಲ್ಲಿ ಜಲಜನಕ, ಮೀಥೈಲ್, ಫೀನೈಲ್ ಹೀಗೆ ಒಂದು ಪಟ್ಟಿಯಲ್ಲಿರುವ ಯಾವುದೂ ಇರಬಹುದು ಎನ್ನುತ್ತಾರೆ. ಇದಕ್ಕೆ ಮಾರ್ಕುಷ್ ಸೂತ್ರವೆಂದು ಹೆಸರು. 1924ರಲ್ಲಿ ಬಣ್ಣಗಳ ಬಗ್ಗೆ ಇಂಥ ಬರವಣಿಗೆಯಿಂದ ಅಮೆರಿಕದಲ್ಲಿ ಪೇಟೆಂಟ್ ಪಡೆದ ಯೂಜೀನ್ ಮಾರ್ಕುಷ್ ಅವರಿಂದ ಅದು ಬಂತು. ಐದು ಸ್ಥಾನ, ಸ್ಥಾನಕ್ಕೆ 20 ಆಯ್ಕೆ ಎಂದಿಟ್ಟುಕೊಂಡರೂ ಒಂದೇ ಸೂತ್ರದೊಳಗೆ 32 ಲಕ್ಷ ಅಣುಗಳು ಬಂದು ಕೂರುತ್ತವೆ. ನಿಜವಾಗಿ ತಯಾರಿಸಿ ಅಳೆದದ್ದು ಅದರಲ್ಲಿ ಒಂದು ಹಿಡಿಯಷ್ಟು ಇರಬಹುದು.

ಈ 32 ಲಕ್ಷದಲ್ಲಿ ಒಂದೇ ಒಂದು ಅಣು ಮೊದಲೇ ಎಲ್ಲಿಯಾದರೂ ಪ್ರಕಟವಾಗಿದ್ದರೆ ಆ ಅಗಲದ ಹಕ್ಕು ನಿಲ್ಲುವುದಿಲ್ಲ, ಅರ್ಜಿದಾರರು ಗಡಿಯನ್ನು ಒಳಕ್ಕೆ ಎಳೆದುಕೊಳ್ಳಬೇಕು. ಹಾಗಾಗಿ ಪರೀಕ್ಷಕರು ಪದಗಳನ್ನಷ್ಟೇ ಹುಡುಕಿದರೆ ಸಾಲದು, ಅಣುವಿನ ಚಿತ್ರವನ್ನೇ ಹುಡುಕಬೇಕು. ಪೇಟೆಂಟ್‌ಗಳ ಅಂತರರಾಷ್ಟ್ರೀಯ ವರ್ಗೀಕರಣವೂ ಇದಕ್ಕೆ ನೆರವಾಗುತ್ತದೆ. ಸಾವಯವ ವಿದ್ಯುನ್ಮಾನಕ್ಕೆಂದೇ ಅದರಲ್ಲಿ 2023ರಿಂದ ಎಚ್10ಕೆ ಎಂಬ ಪ್ರತ್ಯೇಕ ವರ್ಗವಿದೆ.

ಆಮೇಲೆ ಬರುವುದು ಕೋಷ್ಟಕಗಳ ಓದು. ಅರ್ಜಿಯಲ್ಲಿ ಉದಾಹರಣೆಗಳ ಜೊತೆಗೆ ಹೋಲಿಕೆಯ ಉದಾಹರಣೆಗಳೂ ಇರುತ್ತವೆ: ಎಷ್ಟು ವೋಲ್ಟು, ಎಷ್ಟು ದಕ್ಷತೆ, ಯಾವ ಬಣ್ಣ, ಹೊಳಪು ಮೊದಲಿನ ಶೇ 95ಕ್ಕೆ ಇಳಿಯಲು ಎಷ್ಟು ಗಂಟೆ. ಒಳ್ಳೆಯ ಪರೀಕ್ಷಕ ಇಲ್ಲಿ ಪ್ರಯೋಗಾಲಯದ ಕಟ್ಟುನಿಟ್ಟಿನಿಂದಲೇ ನೋಡಬೇಕಾಗುತ್ತದೆ. ಹೊಸ ಅಣುವನ್ನು ಅದಕ್ಕೆ ಅತಿ ಹತ್ತಿರದ ಹಳೆಯ ಅಣುವಿನ ಜೊತೆ ಹೋಲಿಸಿದ್ದಾರೆಯೇ, ಅಥವಾ ಗೆಲ್ಲಲು ಸುಲಭವಾದ ಯಾವುದೋ ದೂರದ ಅಣುವನ್ನು ಆರಿಸಿಕೊಂಡಿದ್ದಾರೆಯೇ? ಬೆಳಕಿನ ಪದರದ ಜೊತೆಗೆ ಪಕ್ಕದ ಪದರವನ್ನೂ ಬದಲಾಯಿಸಿದ್ದರೆ, ಬಂದ ಲಾಭ ಯಾವುದರಿಂದ ಬಂತೆಂದು ಹೇಳುವುದು ಹೇಗೆ? ಪದರದ ಸಾಧನಗಳಲ್ಲಿ ಒಂದು ಪದರದ ಗುಣ ಪಕ್ಕದ ಪದರವನ್ನು ಅವಲಂಬಿಸಿರುವುದರಿಂದ ಈ ಪ್ರಶ್ನೆ ಮತ್ತಷ್ಟು ಸೂಕ್ಷ್ಮ.

ಬೆಂಗಳೂರಿನಲ್ಲಿ ಅಚ್ಚಾದ ಸಾಕ್ಷ್ಯ

ಹೊಸತನವನ್ನು ಅಳೆಯುವಾಗ ಇಡೀ ಜಗತ್ತಿನ ಪ್ರಕಟಿತ ಜ್ಞಾನವೇ ಅಳತೆಗೋಲು. ದೇಶ, ಭಾಷೆಗಳ ಬೇಲಿ ಅದಕ್ಕಿಲ್ಲ. ಕನ್ನಡಿಗರಿಗೆ ಹತ್ತಿರದ ಒಂದು ನಿದರ್ಶನವಿದೆ.

1977ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಒಂದು ಹೊಸ ಬಗೆಯ ದ್ರವಸ್ಫಟಿಕವನ್ನು ಕಂಡುಹಿಡಿದರು. ಅಲ್ಲಿಯವರೆಗೆ ಗೊತ್ತಿದ್ದ ದ್ರವಸ್ಫಟಿಕಗಳ ಅಣುಗಳು ಕಡ್ಡಿಯಾಕಾರದವು. ಇವರು ಮಾಡಿದ ಬೆಂಜೀನ್ ಹೆಕ್ಸಾ ಆಲ್ಕನೋಯೇಟುಗಳು ತಟ್ಟೆಯಾಕಾರದವು, ಒಂದರ ಮೇಲೊಂದು ಪೇರಿಕೊಂಡು ಕಂಬಗಳಾಗಿ ನಿಲ್ಲುತ್ತಿದ್ದವು. ಫಲಿತಾಂಶ ಅಚ್ಚಾದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಹೊರತರುವ ‘ಪ್ರಮಾಣ’ ಪತ್ರಿಕೆಯಲ್ಲಿ. ತಟ್ಟೆಯಣುಗಳ ಕಂಬದ ಉದ್ದಕ್ಕೂ ವಿದ್ಯುದಾವೇಶ ಸಲೀಸಾಗಿ ಹರಿಯಬಲ್ಲದು ಎಂದು ಮುಂದೆ ತಿಳಿದಾಗ, ಒಎಲ್‌ಇಡಿಯಲ್ಲಿ ಧನ ಆವೇಶ ಸಾಗಿಸುವ ಪದರಕ್ಕೆ ಇವನ್ನು ಬಳಸಲು ಹಲವು ದೇಶಗಳಲ್ಲಿ ಪ್ರಯತ್ನ ನಡೆಯಿತು. ಎಲ್‌ಸಿಡಿ ಪರದೆಯನ್ನು ಓರೆಯಿಂದ ನೋಡಿದರೂ ಚಿತ್ರ ಕೆಡದಂತೆ ಕಾಯುವ ಫಿಲ್ಮುಗಳಲ್ಲೂ ತಟ್ಟೆಯಣುಗಳು ಸೇರಿಕೊಂಡವು.

ನಂತರದ ದಿನಗಳಲ್ಲಿ ಟೋಕಿಯೊದಲ್ಲೋ ಮ್ಯೂನಿಕ್‌ನಲ್ಲೋ ಯಾರಾದರೂ ತಟ್ಟೆಯಣುವಿನ ದ್ರವಸ್ಫಟಿಕವೇ ತನ್ನದೆಂದು ಹಕ್ಕು ಕೇಳಿದರೆ, 1977ರ ಈ ಪುಟಗಳು ಎದುರು ನಿಲ್ಲುತ್ತವೆ. ವಿಜ್ಞಾನಿ ಪ್ರಕಟಿಸಿದ ಪ್ರಬಂಧ ಜ್ಞಾನ ಹಂಚುವುದರ ಜೊತೆಗೆ ಆ ಜ್ಞಾನ ಒಬ್ಬರ ಸ್ವತ್ತಾಗದಂತೆ ಕಾಯುತ್ತದೆ. ಇದಕ್ಕೆ ಇನ್ನೊಂದು ಮುಖವೂ ಇದೆ: ಹಾಗೆ ಪ್ರಕಟಿಸಿದ ಮೇಲೆ ಸಾಮಾನ್ಯವಾಗಿ ಪ್ರಕಟಿಸಿದವರೂ ಅದರ ಮೇಲೆ ಹಕ್ಕು ಕೇಳಲಾರರು.

ಡ್ಯುಟೀರಿಯಂ ಮತ್ತು ಕಲಂ 3(ಡಿ)

ಒಎಲ್‌ಇಡಿಯ ಎಲ್ಲ ಬಣ್ಣಗಳಲ್ಲಿ ನೀಲಿ ಹೆಚ್ಚು ಕಾಡುತ್ತದೆ. ವಿದ್ಯುತ್ತಿನಿಂದ ಅಣುವಿನಲ್ಲಿ ಹುಟ್ಟುವ ನಾಲ್ಕು ಉದ್ರೇಕಿತ ಸ್ಥಿತಿಗಳಲ್ಲಿ ಒಂದು ಮಾತ್ರ ಸಾಮಾನ್ಯ ಅಣುಗಳಲ್ಲಿ ಬೆಳಕಾಗುತ್ತದೆ, ಉಳಿದ ಮೂರು ಶಾಖವಾಗಿ ಹೋಗುತ್ತವೆ. 1998ರಲ್ಲಿ ಸ್ಟೀಫನ್ ಫಾರೆಸ್ಟ್ ಮತ್ತು ಮಾರ್ಕ್ ಥಾಂಪ್ಸನ್ ಅವರ ತಂಡ ಪ್ಲಾಟಿನಂನಂಥ ಭಾರ ಲೋಹವಿರುವ ಅಣುಗಳಿಂದ ಆ ಮೂರನ್ನೂ ಬೆಳಕಾಗಿಸುವ ದಾರಿ ತೋರಿಸಿತು. ಮರುವರ್ಷ ಇರಿಡಿಯಂ ಬಂತು. ಕೆಂಪು, ಹಸಿರಿನಲ್ಲಿ ಇದು ಯಶಸ್ವಿಯಾಯಿತು. ನೀಲಿ ಬೆಳಕಿನ ಶಕ್ತಿ ಹೆಚ್ಚು, ಅಣುವಿನ ಬಂಧಗಳನ್ನೇ ಅದು ಮುರಿಯಬಲ್ಲದು. ಹಾಗಾಗಿ ನೀಲಿಯ ಬಾಳಿಕೆ ಕಡಿಮೆ.

ಬಾಳಿಕೆ ಹೆಚ್ಚಿಸುವ ಒಂದು ಉಪಾಯ ಜಲಜನಕದ ಜಾಗದಲ್ಲಿ ಅದರ ಭಾರದ ರೂಪವಾದ ಡ್ಯುಟೀರಿಯಂ ಹಾಕುವುದು. ಅಣುವಿನ ಆಕಾರ ಅದೇ, ಬಣ್ಣ ಹೆಚ್ಚುಕಡಿಮೆ ಅದೇ. ಆದರೆ ಇಂಗಾಲ ಮತ್ತು ಡ್ಯುಟೀರಿಯಂ ನಡುವಿನ ಬಂಧ ಮುರಿಯಲು ಸ್ವಲ್ಪ ಹೆಚ್ಚು ಶಕ್ತಿ ಬೇಕು. 2021ರ ಕೊನೆಯಲ್ಲಿ ಎಲ್‌ಜಿ ಡಿಸ್‌ಪ್ಲೇ ಡ್ಯುಟೀರಿಯಂ ಬಳಸಿದ ಟಿವಿ ಪರದೆಗಳನ್ನು ಪ್ರಕಟಿಸಿ, ಹೊಳಪು ಶೇ 30ರವರೆಗೆ ಹೆಚ್ಚಿದೆ ಎಂದಿತು.

ಇಂಥ ಅಣು ಹೊಸದೇ? ಭಾರತದ ಪೇಟೆಂಟ್ ಕಾನೂನಿನಲ್ಲಿ ಈ ಪ್ರಶ್ನೆಗೆ ವಿಶೇಷ ತೂಕವಿದೆ. ಗೊತ್ತಿರುವ ವಸ್ತುವಿನ ಹೊಸ ರೂಪಕ್ಕೆ, ಅದರ ಪರಿಣಾಮಕಾರಿತ್ವ ಹೆಚ್ಚದಿದ್ದರೆ, ಪೇಟೆಂಟ್ ಇಲ್ಲ ಎನ್ನುತ್ತದೆ ಕಲಂ 3(ಡಿ). ಈ ಕಲಂ ಹೆಸರಾದದ್ದು ಚೆನ್ನೈ ಕಚೇರಿಯಲ್ಲಿ 1998ರಲ್ಲಿ ಸಲ್ಲಿಕೆಯಾದ ಒಂದು ಅರ್ಜಿಯಿಂದ. ಅದು ನೊವಾರ್ಟಿಸ್ ಕಂಪನಿಯ ಕ್ಯಾನ್ಸರ್ ಔಷಧ ಗ್ಲಿವೆಕ್ ಕುರಿತದ್ದು. 2006ರಲ್ಲಿ ಕಚೇರಿ ಅದನ್ನು ತಿರಸ್ಕರಿಸಿತು, 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ತಿರಸ್ಕಾರವನ್ನು ಎತ್ತಿಹಿಡಿಯಿತು. ಪರಿಣಾಮಕಾರಿತ್ವವನ್ನು ಅಳೆಯಬೇಕಾದದ್ದು ಆ ವಸ್ತು ಮಾಡಬೇಕಾದ ಕೆಲಸದಿಂದ ಎಂದು ನ್ಯಾಯಾಲಯ ಹೇಳಿತು. ಔಷಧಕ್ಕಾದರೆ ಅದು ರೋಗ ಗುಣಪಡಿಸುವ ಶಕ್ತಿ. 2023ರಲ್ಲಿ ಮದ್ರಾಸ್ ಹೈಕೋರ್ಟ್ ನೊವೊಝೈಮ್ಸ್ ಕಂಪನಿಯ ಪ್ರಕರಣದಲ್ಲಿ ಈ ಕಲಂ ಔಷಧಗಳಿಗಷ್ಟೇ ಸೀಮಿತವಲ್ಲ ಎಂದಿತು.

ಬೆಳಕಿನ ಅಣುವಿಗೆ ಇದೇ ತರ್ಕ ಹಚ್ಚಿದರೆ, ಅದರ ಕೆಲಸ ಬೆಳಗುವುದು ಮತ್ತು ಬಾಳುವುದು. ಆದ್ದರಿಂದ ದಕ್ಷತೆಯ ಅಂಕಿಗಳು, ಬಾಳಿಕೆಯ ಗಂಟೆಗಳೇ ಇಲ್ಲಿ ಸಾಕ್ಷಿ. ಅಷ್ಟಾದರೂ ಇನ್ನೊಂದು ಹೊಸ್ತಿಲು ಉಳಿಯುತ್ತದೆ. ಡ್ಯುಟೀರಿಯಂ ಹಾಕಿದ ಆಲ್ಕ್ಯು3 ಕುರಿತ ಪ್ರಬಂಧ 2007ರಲ್ಲೇ ಪ್ರಕಟವಾಗಿತ್ತು. ಆ ಉಪಾಯ ಬಲ್ಲ ರಸಾಯನಶಾಸ್ತ್ರಜ್ಞರಿಗೆ ಇನ್ನೊಂದು ಅಣುವಿನಲ್ಲೂ ಅದನ್ನೇ ಮಾಡೋಣ ಎಂದು ತಾನಾಗಿ ತೋಚುತ್ತದೆಯೇ? ತೋಚುವುದಾದರೆ ಅದು ಆವಿಷ್ಕಾರವಲ್ಲ. ಯಾವ ಸ್ಥಾನದಲ್ಲಿ ಹಾಕಿದರೆ ಮಾತ್ರ ಲಾಭ, ಏಕೆ ಹಾಗೆ ಎಂದು ಅನಿರೀಕ್ಷಿತವಾದದ್ದನ್ನು ತೋರಿಸಿದವರಿಗೆ ವಾದವುಂಟು.

ಸಣ್ಣ ಊರಿನಿಂದ ಒಂದು ಅರ್ಜಿ

ಕುನ್ನತ್ತೂರು ಇರುವ ಕೊಂಗುನಾಡಿನಲ್ಲಿ ಮನೆಮಾತು ಕನ್ನಡವಾಗಿರುವ ದೇವಾಂಗ ನೇಕಾರ ಕುಟುಂಬಗಳು ತಲೆಮಾರುಗಳಿಂದ ಇವೆ. ಅಂಥ ಮನೆಯ ಮಗಳೊಬ್ಬಳು ಕೊಯಮತ್ತೂರಿನಲ್ಲಿ ರಸಾಯನಶಾಸ್ತ್ರ ಓದಿ ಹೊಸ ಅಣುವೊಂದನ್ನು ಮಾಡಿದಳೆಂದು ಇಟ್ಟುಕೊಳ್ಳೋಣ. ಆನ್‌ಲೈನ್ ಅರ್ಜಿಗೆ ಒಬ್ಬ ವ್ಯಕ್ತಿ ಕಟ್ಟಬೇಕಾದ ಮೂಲ ಶುಲ್ಕ 1600 ರೂಪಾಯಿ, ದೊಡ್ಡ ಕಂಪನಿಗಳಿಗೆ 8000. ಮಹಿಳೆಯರು ಪರೀಕ್ಷೆಯನ್ನು ಬೇಗ ನಡೆಸುವಂತೆ ಕೋರಲು 2019ರಿಂದ ಅವಕಾಶವಿದೆ. ಅರ್ಜಿ ಸಾಮಾನ್ಯವಾಗಿ 18 ತಿಂಗಳ ಬಳಿಕ ಪ್ರಕಟವಾಗುತ್ತದೆ. ಪರೀಕ್ಷಕರ ಮೊದಲ ವರದಿಗೆ ಉತ್ತರಿಸಲು ಆರು ತಿಂಗಳಿರುತ್ತವೆ, ಕೋರಿದರೆ ಇನ್ನಷ್ಟು ಸಿಗುತ್ತದೆ.

ಅವಳು ಮರೆಯಬಾರದ ಮಾತೊಂದಿದೆ: ಅರ್ಜಿ ಮೊದಲು, ಪ್ರಚಾರ ಆಮೇಲೆ. ವಿದ್ವತ್ ಸಭೆಯಲ್ಲಿ ಓದಿದ ಪ್ರಬಂಧ, ಸರ್ಕಾರ ಅಧಿಸೂಚಿಸಿದ ಪ್ರದರ್ಶನ ಇಂಥ ಕೆಲವಕ್ಕೆ ಕಾನೂನು 12 ತಿಂಗಳ ವಿನಾಯಿತಿ ಕೊಡುತ್ತದೆ. ಕಾಲೇಜಿನ ವಸ್ತುಪ್ರದರ್ಶನದಲ್ಲಿ ಎಲ್ಲವನ್ನೂ ತೆರೆದಿಟ್ಟರೆ ಅವಳದೇ ಮಾತು ಅವಳ ಅರ್ಜಿಗೆ ಅಡ್ಡ ಬರಬಹುದು. ಅರ್ಜಿಯನ್ನು ಇಂಗ್ಲಿಷ್ ಇಲ್ಲವೇ ಹಿಂದಿಯಲ್ಲೇ ಬರೆಯಬೇಕು. ಆದರೆ ಹೊಸದಲ್ಲವೆಂದು ತೋರಿಸಲು ಕನ್ನಡದಲ್ಲಿ, ತಮಿಳಿನಲ್ಲಿ ಅಚ್ಚಾದ ಬರಹವೂ ಸಾಕ್ಷ್ಯವಾಗಬಲ್ಲದು. ನಮ್ಮ ಭಾಷೆಗಳಲ್ಲಿ ವಿಜ್ಞಾನವನ್ನು ನಿಖರವಾಗಿ ಬರೆದಿಡಲು ಇದೂ ಒಂದು ಗಟ್ಟಿ ಕಾರಣ.

ಇಷ್ಟು ಎಚ್ಚರ ಏಕೆ ಬೇಕು? ತಪ್ಪಾಗಿ ಕೊಟ್ಟ ಪೇಟೆಂಟ್ ಗೊತ್ತಿದ್ದ ವಿದ್ಯೆಯನ್ನೇ 20 ವರ್ಷ ಕಟ್ಟಿಹಾಕುತ್ತದೆ, ಆ ದಾರಿಯಲ್ಲಿ ನಡೆಯಬೇಕಾದ ಎಳೆಯ ಸಂಶೋಧಕರನ್ನು ಹೆದರಿಸುತ್ತದೆ. ತಪ್ಪಾಗಿ ತಿರಸ್ಕರಿಸಿದರೆ ವರ್ಷಗಟ್ಟಲೆ ದುಡಿದವರ ಕೈ ಬರಿದಾಗುತ್ತದೆ. ನಡುವಿನ ಗೆರೆ ಎಳೆಯಲು ಅಣುಗಳನ್ನು ಬಲ್ಲ, ಕೋಷ್ಟಕಗಳನ್ನು ಅನುಮಾನದಿಂದ ಓದಬಲ್ಲ, ಹಳೆಯ ಪತ್ರಿಕೆಗಳ ಪುಟ ತಿರುವುವ ತಾಳ್ಮೆಯುಳ್ಳ ಜನ ಬೇಕು. ಇದು ಕಚೇರಿಯೊಳಗಿನವರ ಕೆಲಸ ಮಾತ್ರವೂ ಅಲ್ಲ. ಪ್ರಕಟವಾದ ಅರ್ಜಿಯ ಮೇಲೆ, ಪೇಟೆಂಟ್ ಕೊಡುವ ಮುನ್ನ, ಆಧಾರ ಸಹಿತ ಆಕ್ಷೇಪಿಸಲು ಭಾರತದಲ್ಲಿ ಯಾರಿಗಾದರೂ ಅವಕಾಶವಿದೆ.

ಕೊಡಾಕ್ 1980ರ ದಶಕದಲ್ಲಿ ಪಡೆದ ಮೂಲ ಒಎಲ್‌ಇಡಿ ಪೇಟೆಂಟ್‌ಗಳ ಅವಧಿ ಮುಗಿದು ಬಹಳ ಕಾಲವಾಯಿತು. ಎಷ್ಟು ದಪ್ಪದ ಪದರ, ಯಾವ ಲೋಹ, ಯಾವ ಕ್ರಮ ಎಂಬುದೆಲ್ಲ ಅಲ್ಲಿ ಬರೆದಿದೆ, ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ, ಯಾರು ಬೇಕಾದರೂ ಬಳಸಬಹುದು. ಸಮಾಜ ಏಕಸ್ವಾಮ್ಯ ಕೊಟ್ಟದ್ದು ಇದಕ್ಕಾಗಿಯೇ. ಕುನ್ನತ್ತೂರಿನಲ್ಲಾಗಲಿ ಕುಂದಾಪುರದಲ್ಲಾಗಲಿ, ರಸಾಯನಶಾಸ್ತ್ರ ಕಲಿಸುವ ಕಾಲೇಜುಗಳು ಪಠ್ಯದ ಜೊತೆಗೆ ಇಂಥ ಒಂದು ಪೇಟೆಂಟನ್ನು ತರಗತಿಯಲ್ಲಿ ಸಾಲುಸಾಲಾಗಿ ಓದಿಸಬೇಕು. ಹೊಸದನ್ನು ಕಂಡುಹಿಡಿಯುವ ಮೊದಲು, ಯಾವುದು ಹೊಸದೆಂದು ಪರೀಕ್ಷಿಸಲು ನಮ್ಮ ಮಕ್ಕಳು ಕಲಿಯಬೇಕು.