ಕೊಯ್ಲಿನ ಕಾಲದಲ್ಲಿ ಮಕ್ಕಳ ಸೇವೆ: ನಮ್ಮಿಂದ ಆಗುವುದೇನು?



ಕಾಫಿ ಕೊಯ್ಲಿಗೂ ಅಡಿಕೆ ಸುಲಿತಕ್ಕೂ ಆಳು ಸಿಕ್ಕಿದರೆ ಸಾಕೆನ್ನುವ ಪರಿಸ್ಥಿತಿ ನಮ್ಮದು. ಉತ್ತರ ಕರ್ನಾಟಕದಿಂದ, ಅಸ್ಸಾಮಿನಿಂದ ಬರುವ ಕುಟುಂಬಗಳ ಜೊತೆಯಲ್ಲಿ ಮಕ್ಕಳೂ ಬರುತ್ತಾರೆ. ದೊಡ್ಡವರು ತೋಟಕ್ಕೆ ಹೋದರೆ ಎಂಟು ವರ್ಷದ ಹುಡುಗಿ ಲೈನ್ ಮನೆಯಲ್ಲಿ ತಮ್ಮನನ್ನು ಕಾಯುತ್ತಾ ಕೂರುತ್ತಾಳೆ. ಮೂರು ನಾಲ್ಕು ತಿಂಗಳು ಶಾಲೆ ತಪ್ಪಿದ ಮಗು ಊರಿಗೆ ಮರಳಿದ ಮೇಲೆ ತರಗತಿಗೆ ಹೋಗಲು ಹಿಂಜರಿಯುವುದು ಸಹಜ. ನಮ್ಮ ಫಸಲು ಮನೆ ಸೇರುವಾಗ ಆ ಮಗುವಿನ ಒಂದು ವರ್ಷ ಕೈತಪ್ಪಿ ಹೋಗಬಾರದು.

ಮಕ್ಕಳ ಹಕ್ಕಿಗಾಗಿ ದುಡಿಯುವ ಸಂಸ್ಥೆಗಳಿಗೆ ಹಣ ಕೊಡುವುದೊಂದೇ ಸೇವೆಯಲ್ಲ. ಸಣ್ಣ ಬೆಳೆಗಾರನೂ ಮಾಡಬಹುದಾದ ಕೆಲಸಗಳಿವೆ.

ಮೊದಲನೆಯದು, ಲೆಕ್ಕ. ತೋಟಕ್ಕೆ ಬಂದ ಮಕ್ಕಳೆಷ್ಟು, ವಯಸ್ಸೆಷ್ಟು ಎಂದು ಬರೆದು ಹತ್ತಿರದ ಶಾಲೆಯ ಮುಖ್ಯೋಪಾಧ್ಯಾಯರಿಗೂ ಅಂಗನವಾಡಿಗೂ ತಿಳಿಸುವುದು. 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ ವರ್ಗಾವಣೆ ಪತ್ರವಾಗಲಿ ಜನನ ಪತ್ರವಾಗಲಿ ಇಲ್ಲವೆಂದು 6ರಿಂದ 14 ವರ್ಷದ ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ.

ಎರಡನೆಯದು, ಸಾಗಣೆ ಮತ್ತು ಭಾಷೆ. ಹಾಲಿಗೋ ಗೊಬ್ಬರಕ್ಕೋ ಪೇಟೆಗೆ ಹೋಗುವ ಜೀಪಿನಲ್ಲಿ ನಾಲ್ಕು ಮಕ್ಕಳನ್ನು ಶಾಲೆಗೆ ಬಿಡಬಹುದು. ಹಿಂದಿ, ಬಂಗಾಳಿ ಬಲ್ಲವರು ವಾರಕ್ಕೊಂದು ಗಂಟೆ ಶಾಲೆಗೆ ಹೋಗಿ ಮೇಷ್ಟರಿಗೂ ತಾಯಂದಿರಿಗೂ ನಡುವೆ ಮಾತು ದಾಟಿಸಬಹುದು.

ಮೂರನೆಯದು, ತಕ್ಕಡಿ. ಕೆ.ಜಿ. ಲೆಕ್ಕದಲ್ಲಿ ಕೂಲಿ ಕೊಡುವಲ್ಲಿ ಮಗು ಕೊಯ್ದ ಹಣ್ಣೂ ಅಪ್ಪನ ಚೀಲಕ್ಕೇ ಸೇರುತ್ತದೆ. ಪಟ್ಟಿಯಲ್ಲಿ ಮಗುವಿನ ಹೆಸರಿಲ್ಲ, ದುಡಿಮೆ ಮಾತ್ರ ಇದೆ. 2016ರ ತಿದ್ದುಪಡಿಯಿಂದ 14 ವರ್ಷದೊಳಗಿನವರನ್ನು ಯಾವ ಕೂಲಿಗೂ ಹಚ್ಚುವಂತಿಲ್ಲ. ತೂಕಕ್ಕೆ ನಿಲ್ಲುವವರು ಇದನ್ನು ಕಣ್ಣಿಟ್ಟು ನೋಡತಕ್ಕದ್ದು. ಬೇರೆಯವರಿಗೆ ಬುದ್ಧಿ ಹೇಳುವ ಮೊದಲು ನಮ್ಮ ಕಣ ಶುದ್ಧವಾಗಿರಬೇಕು.

ನಾಲ್ಕನೆಯದು, 1098. ಮುಂಬಯಿಯಲ್ಲಿ 1996ರಲ್ಲಿ ಆರಂಭವಾದ ಈ ಮಕ್ಕಳ ಸಹಾಯವಾಣಿಯನ್ನು 2023ರಲ್ಲಿ ಸರ್ಕಾರ ತನ್ನ ಕೈಗೆ ತೆಗೆದುಕೊಂಡಿತು. ಕರೆಗೆ ಹಣವಿಲ್ಲ. ಈ ಸಂಖ್ಯೆಯನ್ನು ಗೋದಾಮು, ಪಲ್ಪರ್ ಮನೆ, ಲೈನ್ ಗೋಡೆಗಳ ಮೇಲೆ ಬರೆಸೋಣ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆಯೆಂಬ ಶಂಕೆ ಬಂದರೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೋ ಕಾಯಿದೆಯಂತೆ ಕಡ್ಡಾಯ. ಸದ್ಭಾವನೆಯಿಂದ ತಿಳಿಸಿದವರಿಗೆ ಕಾನೂನಿನ ರಕ್ಷಣೆಯಿದೆ. ಊರ ಪಂಚಾಯಿತಿ ಸೇರಿಸಿ ರಾಜಿ ಮಾಡಿಸುವುದು, ಮಗುವನ್ನು ನಾಲ್ಕು ಜನ ಸುತ್ತುವರಿದು ಪ್ರಶ್ನಿಸುವುದು, ಹೆಸರು-ಫೋಟೋ ಹಂಚುವುದು ಸರ್ವಥಾ ಕೂಡದು.

ಐದನೆಯದು, ಗ್ರಾಮ ಪಂಚಾಯತಿಗಳು ನಡೆಸುವ ಮಕ್ಕಳ ಗ್ರಾಮಸಭೆಗೆ ಹೋಗಿ ಕುಳಿತು ಕೇಳುವುದು. ಕುಂದಾಪುರ ಸೀಮೆಯಲ್ಲಿ 1990ರ ದಶಕದಲ್ಲಿ ‘ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಸಂಸ್ಥೆಯ ನೆರವಿನಿಂದ ಮಕ್ಕಳ ಪಂಚಾಯತಿಗಳು ಹುಟ್ಟಿದವು. ಹಳ್ಳ ದಾಟಲು ಕಾಲುಸಂಕ ಬೇಕೆಂಬಂಥ ಬೇಡಿಕೆಗಳನ್ನು ಮಕ್ಕಳೇ ಹಿರಿಯರ ಮುಂದಿಟ್ಟರು. ಮಳೆಗಾಲದ ಹಳ್ಳ ಎಂಥದೆಂದು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ.

ಇನ್ನು ಲೆಕ್ಕಪತ್ರ ಬಲ್ಲ ಸದಸ್ಯರು ಸ್ಥಳೀಯ ಮಕ್ಕಳ ಸಂಸ್ಥೆಗಳ ಜಮಾ-ಖರ್ಚು ಬರೆದುಕೊಡಬಹುದು. ಅವರಿಗೆ ಅದು ದೊಡ್ಡ ಉಪಕಾರ. ಸೇರುವ ಮುನ್ನ ಸಂಸ್ಥೆಯ ನೋಂದಣಿ ಮತ್ತು ಮಕ್ಕಳ ಸುರಕ್ಷತೆಯ ನಿಯಮಗಳನ್ನು ವಿಚಾರಿಸಿಕೊಳ್ಳಿ. ಅವರು ನಿಮ್ಮ ಪೂರ್ವಾಪರ ವಿಚಾರಿಸಿದರೆ ಬೇಸರಪಡಬೇಡಿ, ಒಳ್ಳೆಯ ಸಂಸ್ಥೆಯ ಲಕ್ಷಣವೇ ಅದು.

ಕೊಯ್ಲಿಗೆ ಮೊದಲು ಆಳುಗಳ ಪಟ್ಟಿ ತಯಾರಿಸುತ್ತೇವಷ್ಟೆ. ಈ ಸಲ ಅದರ ಪಕ್ಕದಲ್ಲಿ ಮಕ್ಕಳಿಗೂ ಒಂದು ಅಂಕಣ ಗೀಟಿ ಎಂದು ಸದಸ್ಯರಲ್ಲಿ ವಿನಂತಿ.

— ಕಾರ್ಯದರ್ಶಿ