ನಮ್ಮ ಅಂಗಿಗೆ ನಮ್ಮದೇ ಚಿತ್ರ

ರಜೆಗೆ ಹೊಸಪೇಟೆಯ ನೆಂಟರ ಮನೆಗೆ ಹೋದ ನಾವು ಹಂಪಿ ನೋಡಿದ್ದಷ್ಟೇ ಅಲ್ಲ, ಟೀಶರ್ಟ್ ಮೇಲೆ ಸ್ಕ್ರೀನ್ ಪ್ರಿಂಟ್ ಹಾಕುವುದನ್ನೂ ಕಲಿತು ಬಂದೆವು. ಗಲ್ಫ್ ವೀಸಾಕ್ಕೆ ಕಾಯುತ್ತಾ ತಿಂಗಳುಗಟ್ಟಲೆ ಮನೆಯಲ್ಲೇ ಕೂತಿದ್ದ ತಮ್ಮನೂ ಜೊತೆಗಿದ್ದ. ನೆಂಟರ ಪರಿಚಯದ ಹಿರಿಯರೊಬ್ಬರು ಅಲ್ಲಿ ಮದುವೆ ಕಾಗದ, ಬಟ್ಟೆ ಚೀಲ, ಕಂಪ್ಲಿ ಕಡೆಯ ಕ್ರಿಕೆಟ್ ಹುಡುಗರ ಟೀಶರ್ಟು ಎಲ್ಲ ಪ್ರಿಂಟ್ ಮಾಡುತ್ತಾರೆ. "ಕಲಿಸ್ತೀನಿ, ಆದ್ರೆ ಚಿತ್ರ ನಿಮ್ದೇ ಇರ್ಬೇಕು" ಅಂದರು.

ತಮ್ಮ ಮೊಬೈಲಿನಲ್ಲಿ ಸಂಡೂರಿನ ಲಂಬಾಣಿ ಕಸೂತಿ ತೋರಿಸಿ, ಇದನ್ನೇ ಹಾಕೋಣವಾ ಎಂದ. ಅವರು ಒಪ್ಪಲಿಲ್ಲ. "ಅದು ಹೆಣ್ಮಕ್ಳು ಸೂಜಿ ಹಿಡಿದು ದುಡಿದದ್ದು. ನಾವು ಬಣ್ಣ ಬಳಿದು ಮಾರಿದ್ರೆ ಅವರ ಹೊಟ್ಟೆ ಮೇಲೆ ಹೊಡೆದಂಗೆ." ಆ ಕಸೂತಿಗೆ 2010ರಲ್ಲೇ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ.

ಕಲ್ಲಿನ ರಥವೋ, 50 ರೂಪಾಯಿ ನೋಟಿನಲ್ಲೇ ಇದೆ. ನಾವು ಕಮಲಾಪುರದಿಂದ ತಳವಾರಘಟ್ಟದ ಕಡೆ ಹೋದೆವು. ಅಲ್ಲಿ ಎರಡನೇ ದೇವರಾಯನ ಸೇವೆಯಲ್ಲಿದ್ದ ಅಹ್ಮದ್ ಖಾನ್ 1439ರಲ್ಲಿ ಕಟ್ಟಿಸಿದ ಮಸೀದಿಯಿದೆ. ಅದರ ಶಾಸನ ಅದನ್ನು ಧರ್ಮಶಾಲೆ ಎನ್ನುತ್ತದೆ. ಅರಸನಿಗೆ ಪುಣ್ಯವಾಗಲಿ ಎಂದು ಕಟ್ಟಿಸಿದ್ದು. ಪಕ್ಕದ ಗುಮ್ಮಟದ ಕಮಾನನ್ನು ತಮ್ಮ ಅಲ್ಲೇ ಕೂತು ಪೆನ್ಸಿಲಿನಲ್ಲಿ ಗೀಚಿದ.

ಕೆಲಸದ ಗುಟ್ಟು ಸರಳ. ಚಿತ್ರವನ್ನು ಪಾರದರ್ಶಕ ಹಾಳೆಯ ಮೇಲೆ ದಟ್ಟ ಕಪ್ಪಾಗಿ ಬರೆಯಬೇಕು. ಫ್ರೇಮಿಗೆ ಬಿಗಿದ ಜಾಲರಿ ಬಟ್ಟೆಗೆ ಕತ್ತಲಲ್ಲಿ ಎಮಲ್ಷನ್ ಬಳಿದು ಒಣಗಿಸಿ, ಮೇಲೆ ಹಾಳೆಯಿಟ್ಟು ಬೆಳಕಿಗೆ ಹಿಡಿಯಬೇಕು. ಬೆಳಕು ಬಿದ್ದಲ್ಲಿ ಎಮಲ್ಷನ್ ಗಟ್ಟಿಯಾಗುತ್ತದೆ, ಕಪ್ಪಿನ ಅಡಿಯದ್ದು ನೀರಿಗೆ ತೊಳೆದು ಹೋಗುತ್ತದೆ. ಆ ದಾರಿಯಲ್ಲೇ ಬಣ್ಣ ಅಂಗಿಗೆ ಇಳಿಯುತ್ತದೆ.

ಮೊದಲ ಅಂಗಿ ಕೆಟ್ಟಿತು: ಹೊಸಪೇಟೆಯ ಸೆಕೆಗೆ ನೀರಿನ ಬಣ್ಣ ಜಾಲರಿಯಲ್ಲೇ ಒಣಗಿ ಕೂತಿತು. ಎರಡನೆಯದೂ ಕೆಟ್ಟಿತು: ಒಳಗೆ ರಟ್ಟು ಇಡಲು ಮರೆತು ಬಣ್ಣ ಬೆನ್ನಿಗೂ ಹತ್ತಿತು. ಮೂರನೆಯದರಲ್ಲಿ ರಬ್ಬರ್ ಪಟ್ಟಿಯನ್ನು ಒಂದೇ ಹದದಲ್ಲಿ ಎಳೆದು ಫ್ರೇಮ್ ಎತ್ತಿದಾಗ ಕಮಾನು ಅಚ್ಚುಕಟ್ಟಾಗಿ ಮೂಡಿತ್ತು. ಬಣ್ಣ ಒಣಗಿದ ಮೇಲೆ ಕಾಗದ ಹಾಸಿ ಇಸ್ತ್ರಿ ಹಾಕಿದರೆ ಒಗೆತಕ್ಕೂ ನಿಲ್ಲುತ್ತದೆ.

ಮನೆಯಲ್ಲಿ ಮಾಡುವವರಿಗೆ ಎರಡು ಮಾತು. ಕೆಲವು ಎಮಲ್ಷನ್‌ಗಳಲ್ಲಿ ಬೆರೆಸುವ ಡೈಕ್ರೋಮೇಟ್ ವಿಷ. ಕೈಗವಸು ಬೇಕು, ಅಡುಗೆ ಪಾತ್ರೆ ಬೇಡ, ಮಕ್ಕಳ ಕೈಗೆ ಸಿಗಬಾರದು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಎಮಲ್ಷನ್ ಬೇಗ ಒಣಗದು. ಕತ್ತಲ ಕೋಣೆಯಲ್ಲಿ ಫ್ಯಾನ್ ಹಾಕಿಡಿ. ಹಸಿಯಿದ್ದರೆ ತೊಳೆಯುವಾಗ ಪೂರ್ತಿ ಹೋಗಿಬಿಡುತ್ತದೆ.

ತಮ್ಮನ ವೀಸಾ ಇನ್ನೂ ಬಂದಿಲ್ಲ. ಆದರೆ ಊರಿಗೆ ಬಂದವನೇ ಮರದ ಫ್ರೇಮ್ ಮಾಡಿಸಿಕೊಂಡಿದ್ದಾನೆ. ಇಷ್ಟು ದಿನ ಅವನ ಚಿಂತೆಯಲ್ಲೇ ಇದ್ದ ಉಮ್ಮ ಮೊನ್ನೆ ಅಂದರು: "ನನ್ನ ಮೀನಿನ ಚೀಲಕ್ಕೂ ಒಂದು ಕಮಾನು ಹಾಕಿಕೊಡು."